ಬಳಸುವವರ ಮಾತು, ಕಟ್ಟುವವರ ಮಾತು: ಒಂದೇ ಗ್ರೂಪ್ ಸಾಕೇ, ಎರಡು ಬೇಕೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಐದು ಜನ ಸೇರಿ ಬಿಡುವಿನ ವೇಳೆಯಲ್ಲಿ ಆಂಡ್ರಾಯ್ಡ್ ಫೋನಿಗೆ ಒಂದು ಕನ್ನಡ ಕೀಬೋರ್ಡ್ ಆ್ಯಪ್ ಮಾಡಿದ್ದೇವೆ. ಕೋಡ್ ಪೂರ್ತಿ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಬಹುದು, ಬದಲಾಯಿಸಬಹುದು. ಟೆಲಿಗ್ರಾಂನಲ್ಲಿ ಒಂದು ಗ್ರೂಪ್ ಇದೆ, ಈಗ ಸುಮಾರು ಎಂಟುನೂರು ಜನ ಇದ್ದಾರೆ. ದಿನಾ 'ಒತ್ತಕ್ಷರ ಬರ್ತಿಲ್ಲ', 'ಹೊಸ ಫೋನಿಗೆ ಹೇಗೆ ಹಾಕೋದು' ಅಂತ ಪ್ರಶ್ನೆಗಳು. ಅದರ ಮಧ್ಯೆ ನಾವು ಕೋಡ್ ಬಗ್ಗೆ ಆಡಿದ ಮಾತು ಕಳೆದೇ ಹೋಗುತ್ತೆ. ಬೇಸತ್ತು ನಾವು ಮೂವರು ಬೇರೆ ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಈಗ ಉಳಿದ ಇಬ್ಬರು ಮಾತೇ ಆಡುತ್ತಿಲ್ಲ. ಡೆವಲಪರ್‌ಗಳಿಗೆ ಅಂತಲೇ ಒಂದು ಜಾಗ ಮಾಡೋಣ ಅಂದರೆ, ಅವರಲ್ಲೊಬ್ಬರು 'ಹಾಗೆ ಮಾಡಿದರೆ ಬಳಸುವವರನ್ನು ಹೊರಗಿಟ್ಟ ಹಾಗೆ. ಆಮೇಲೆ ಓಪನ್ ಸೋರ್ಸ್ ಅಂತ ಯಾಕೆ ಹೇಳಿಕೊಳ್ಳಬೇಕು?' ಅಂತ ಕೇಳಿದ್ದರು. ನಮಗೆ ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ವಾಟ್ಸಾಪ್ ಗ್ರೂಪ್ ಮೇಲೆ. ಬೇರೆ ಮಾಡಬೇಕೋ ಬೇಡವೋ ಅಂತ ನೀವು ಕೇಳುತ್ತಿದ್ದೀರಿ. ಆದರೆ ನೀವಾಗಲೇ ಬೇರೆ ಮಾಡಿಯಾಗಿದೆ. ಮೂರು ಜನ ಒಂದು ಕಡೆ, ಎಂಟುನೂರು ಜನ ಇನ್ನೊಂದು ಕಡೆ. ಆ ಎಂಟುನೂರರ ಜೊತೆಗೆ ನಿಮ್ಮ ಇಬ್ಬರು ಗೆಳೆಯರೂ ಹೊರಗೆ ಉಳಿದರು. ಅವರಿಗೆ ಬೇಜಾರಾಗಿರುವುದು ಸಹಜ ಅಲ್ವಾ?

ಇದು ನಿಮ್ಮೊಬ್ಬರ ಕಥೆ ಅಲ್ಲ. ಗದ್ದಲ ಹೆಚ್ಚಾದಾಗ ಕೆಲಸ ಮಾಡುವವರು ಎಲ್ಲೋ ಒಂದು ಕಡೆ ಸದ್ದಿಲ್ಲದ ಜಾಗ ಹುಡುಕಿಕೊಂಡೇ ಕೊಳ್ಳುತ್ತಾರೆ. ನೀವು ಅದಕ್ಕೆ ತೆರೆದ ಜಾಗ ಮಾಡಿಕೊಡದೆ ಹೋದರೆ ಮುಚ್ಚಿದ ಜಾಗ ತಾನಾಗಿಯೇ ಹುಟ್ಟುತ್ತೆ. ತೊಂದರೆ ಇರುವುದು ಅಲ್ಲಿ. ಮೂವರು ಬೇರೆ ಕೂತು ಮಾತಾಡಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಮಾತು ಯಾರಿಗೂ ಕಾಣಲ್ಲ. ನಾಳೆ ಆರನೆಯವರು ಬಂದು ಕೋಡ್ ಬರೆಯುತ್ತೇನೆ ಅಂದರೆ, ನೀವು ಹಿಂದೆ ಯಾಕೆ ಹಾಗೆ ತೀರ್ಮಾನ ಮಾಡಿದಿರಿ ಅಂತ ತಿಳಿಯಲು ಅವರಿಗೆ ಯಾವ ದಾರಿಯೂ ಇಲ್ಲ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅನ್ನುವ, ಹಲವು ಓಪನ್ ಸೋರ್ಸ್ ತಂತ್ರಾಂಶಗಳನ್ನು ನಡೆಸುವ ಸಂಸ್ಥೆಯ ಬಳಗದಲ್ಲಿ ಒಂದು ಮಾತು ತುಂಬಾ ಚಾಲ್ತಿಯಲ್ಲಿದೆ: ಮೇಲಿಂಗ್ ಲಿಸ್ಟಿನಲ್ಲಿ ನಡೆಯದೇ ಇದ್ದದ್ದು ನಡೆದೇ ಇಲ್ಲ ಅಂತ. ಮೇಲಿಂಗ್ ಲಿಸ್ಟ್ ಅಂದರೆ ಸೇರಿದವರಿಗೆಲ್ಲ ಒಟ್ಟಿಗೆ ತಲುಪುವ ಇಮೇಲ್ ಪಟ್ಟಿ. ಇಬ್ಬರು ಕಾಫಿ ಕುಡಿಯುತ್ತಾ ಏನೋ ಮಾತಾಡಿಕೊಂಡಿರಬಹುದು. ಅದನ್ನು ಎಲ್ಲರಿಗೂ ಕಾಣುವ ಕಡೆ ತಂದು ಬರೆಯುವ ತನಕ ಅದು ತೀರ್ಮಾನ ಅಂತ ಲೆಕ್ಕಕ್ಕೆ ಬರಲ್ಲ. ನೀವು ಬೇರೆ ಜಾಗ ಮಾಡಬೇಕಾದ ಮೊದಲ ಕಾರಣ ಇದೇ. ಆ ವಾಟ್ಸಾಪ್ ಮಾತನ್ನು ಬೆಳಕಿಗೆ ತರಬೇಕು.

ಈಗ ನಿಮ್ಮ ಗೆಳೆಯರು ಎತ್ತಿದ ಪ್ರಶ್ನೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲ್ಲ. ಅವರು ಹೆದರುತ್ತಿರುವ ಹಾಗೆ ಆಗಿರುವ ಯೋಜನೆಗಳನ್ನು ನಾನು ಕಂಡಿದ್ದೇನೆ. ಆದರೆ ಹಾಗಾಗದೆ, ಎರಡು ಜಾಗವನ್ನೂ ಚೆನ್ನಾಗಿ ನಡೆಸಿಕೊಂಡು ಬಂದವರೂ ಇದ್ದಾರೆ. ಅವರನ್ನು ನೋಡೋಣ.

ಸಂಖ್ಯಾಶಾಸ್ತ್ರದ ಕೆಲಸಕ್ಕೆ ಬಳಸುವ 'ಆರ್' ಭಾಷೆ ನಿಮಗೆ ಗೊತ್ತಿರಬಹುದು. ಶುರುವಿನಲ್ಲಿ ಅವರಿಗೆ 'ಆರ್-ಟೆಸ್ಟರ್ಸ್' ಅಂತ ಒಂದೇ ಮೇಲಿಂಗ್ ಲಿಸ್ಟ್ ಇತ್ತು. 1997ರಲ್ಲಿ ಅದನ್ನು ಮೂರು ಮಾಡಿದರು. ಸುದ್ದಿ ತಿಳಿಸಲು ಒಂದು, ಸಹಾಯ ಕೇಳಲು 'ಆರ್-ಹೆಲ್ಪ್', ಕಟ್ಟುವ ಕೆಲಸದ ಮಾತಿಗೆ 'ಆರ್-ಡೆವೆಲ್'. ಯಾವ ಪ್ರಶ್ನೆ ಎಲ್ಲಿಗೆ ಅಂತ ಹೇಳುವ ಅವರ ಮಾರ್ಗದರ್ಶಿಯಲ್ಲಿ ಒಂದು ಮಾತು ನನಗೆ ತುಂಬಾ ಹಿಡಿಸಿತು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಅರ್ಥವೇ ಆಗದಂಥ ಚರ್ಚೆ ಹುಟ್ಟಿಸುವ ಪ್ರಶ್ನೆ ಇದ್ದರೆ ಅದನ್ನು ಡೆವೆಲ್ ಕಡೆ ಕಳಿಸಿ ಅನ್ನುತ್ತೆ ಆ ಮಾರ್ಗದರ್ಶಿ. ಗಮನಿಸಿ, ಕೇಳುವವರು ಯಾರು ಅಂತ ಅಲ್ಲಿ ಕೇಳಿಲ್ಲ. ಪ್ರೊಫೆಸರ್ ಆಗಿರಲಿ, ಮೊದಲ ವರ್ಷದ ವಿದ್ಯಾರ್ಥಿ ಆಗಿರಲಿ, ನೋಡುವುದು ಮಾತಿನ ಸ್ವಭಾವವನ್ನು. ಓದುವವರಿಗೆ ಅದು ಅರ್ಥ ಆಗುತ್ತಾ, ಇಲ್ಲವಾ ಅಂತ ಮಾತ್ರ.

ಇಷ್ಟನ್ನು ನೀವು ಹಿಡಿದುಕೊಂಡರೆ ನಿಮ್ಮ ಗೆಳೆಯರ ಅರ್ಧ ಆತಂಕ ಕರಗುತ್ತೆ. ನೀವು ಬೇರೆ ಮಾಡುತ್ತಿರುವುದು ಮಾತುಗಳನ್ನು. ಜನರನ್ನು ಬೇರೆ ಮಾಡುತ್ತಿಲ್ಲ. ಬಳಸುವ ಯಾರಾದರೂ ಡೆವಲಪರ್ ಜಾಗಕ್ಕೆ ಬಂದು ಕೂರಬಹುದು, ಓದಬಹುದು, ಅಲ್ಲಿನ ವಿಷಯದ ಬಗ್ಗೆ ಮಾತಾಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗೆಯೇ ನೀವು ಐವರೂ ಬಳಸುವವರ ಜಾಗದಲ್ಲಿ ಇರಲೇಬೇಕು.

ಯಾವ ಮಾತು ಎಲ್ಲಿಗೆ ಸೇರಬೇಕು ಅಂತ ಗುರುತಿಸಲು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಳಗದವರು ಒಂದು ಸುಲಭದ ಅಳತೆ ಇಟ್ಟುಕೊಂಡಿದ್ದರು. ಅವರ ಡೆವಲಪರ್ ಪಟ್ಟಿಗೆ ಯಾರಾದರೂ 'ನನ್ನ ಪ್ರೋಗ್ರಾಂ ಓಡುತ್ತಿಲ್ಲ' ಅಂತ ಬರೆದರೆ, ಇದು ಪೈಥಾನನ್ನು ಕಟ್ಟುವವರ ಜಾಗ, ಪೈಥಾನಿನಲ್ಲಿ ಕಟ್ಟುವವರ ಜಾಗ ಬೇರೆ ಇದೆ, ಅಲ್ಲಿ ಕೇಳಿ ಅಂತ ದಾರಿ ತೋರಿಸುತ್ತಿದ್ದರು. ಕನ್ನಡದಲ್ಲಿ ನಮಗೆ ಇದು ಇನ್ನೂ ಸಲೀಸು. ಶಾಲೆಯಲ್ಲಿ ಕಲಿತ ವಿಭಕ್ತಿ ನೆನಪಿಸಿಕೊಳ್ಳಿ. 'ಕೀಬೋರ್ಡಿನಲ್ಲಿ ಈ ಅಕ್ಷರ ಹೇಗೆ ತರೋದು?' ಇಲ್ಲಿ 'ಅಲ್ಲಿ' ಬಂತು, ಅಂದರೆ ಬಳಸುವವರ ಮಾತು. 'ಕೀಬೋರ್ಡನ್ನು ಹೀಗೆ ಬದಲಾಯಿಸಿದರೆ ಹೇಗೆ?' ಇಲ್ಲಿ 'ಅನ್ನು' ಬಂತು, ಅಂದರೆ ಕಟ್ಟುವವರ ಮಾತು. ಹತ್ತರಲ್ಲಿ ಎಂಟು ಪ್ರಶ್ನೆಗಳಿಗೆ ಈ ಅಳತೆ ಸಾಕು ಅಂತ ನನ್ನ ಅಂದಾಜು. ಉಳಿದ ಎರಡು ಪ್ರಶ್ನೆಗಳೇ ನಿಜವಾಗಿ ಬೆಲೆಬಾಳುವವು. ಅವು ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ನಡೆದು ಹೋಗುವಂಥವು.

ಹಾಗೆ ನಡೆದು ಹೋಗುವುದು ಅಂದರೆ ಏನು ಅಂತ ನಿಮ್ಮ ಕೀಬೋರ್ಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಯಾರೋ ಒಬ್ಬ ಮೇಷ್ಟ್ರು ನಿಮ್ಮ ಗ್ರೂಪಿಗೆ ಬಂದು, 'ಶಾಲೆಯ ಫಲಿತಾಂಶ ಟೈಪ್ ಮಾಡ್ತಿದ್ದೆ. ರ‍್ಯಾಂಕ್ ಅಂತ ಬರೆಯೋಕೆ ಹೋದರೆ ರ್ಯಾಂಕ್ ಅಂತ ಬರ್ತಿದೆ. ಅರ್ಕಾವತ್ತು ನನಗೆ ಬೇಡ' ಅಂತ ಬರೆದರು ಅನ್ನಿ. ಇದರ ಕಾರಣ ನಿಮಗೆ ಗೊತ್ತೇ ಇದೆ. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಪದ್ಧತಿಯಲ್ಲಿ, ರ, ಆಮೇಲೆ ಅಕ್ಷರದ ಸ್ವರ ತೆಗೆಯುವ ಹಲಂತದ ಗುರುತು, ಆಮೇಲೆ ಯ ಬಂದರೆ ಅದು ಅರ್ಕಾವತ್ತು ಆಗುತ್ತೆ. ಸೂರ್ಯ, ಕಾರ್ಯ ಬರೆಯುವಾಗ ಅದೇ ಬೇಕು. ರ‍್ಯಾಂಕ್, ರ‍್ಯಾಲಿ ಬರೆಯುವಾಗ ಬೇಡ. ಆಗ ರ ಆದ ಕೂಡಲೇ, ಹಲಂತದ ಗುರುತಿಗೆ ಮೊದಲು, ಕಣ್ಣಿಗೆ ಕಾಣದ ಝೀರೋ ವಿಡ್ತ್ ಜಾಯಿನರ್ ಅನ್ನುವ ಅಕ್ಷರ ಹಾಕಬೇಕು.

ಮೇಷ್ಟ್ರಿಗೆ ಇಷ್ಟೆಲ್ಲ ಬೇಕಿಲ್ಲ. ಯಾವ ಕೀಲಿ ಒತ್ತಬೇಕು ಅಂತ ಗೊತ್ತಾದರೆ ಅವರ ಕೆಲಸ ಮುಗಿಯಿತು. ಹಾಗಾಗಿ ಇದು ಬಳಸುವವರ ಜಾಗದ ಪ್ರಶ್ನೆ, ಉತ್ತರವೂ ಅಲ್ಲೇ. ಆದರೆ ಮುಂದಿನ ವಾರ ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಅದರ ಮುಂದಿನ ವಾರ ಮತ್ತಿಬ್ಬರು. ಐದನೇ ಸಲ ಬಂದಾಗ ಆ ಪ್ರಶ್ನೆಯ ಬಣ್ಣವೇ ಬದಲಾಗಿರುತ್ತೆ. ಆ ಕೀಲಿ ಜನರಿಗೆ ಕಾಣದ ಕಡೆ ಇದೆ ಅಂತ ಅದು ನಿಮಗೆ ಹೇಳುತ್ತಿದೆ. ಕೀಲಿಯನ್ನು ಮುಂದಕ್ಕೆ ತರಬೇಕಾ, ರ ಒತ್ತಿ ಹಿಡಿದರೆ ಎರಡೂ ರೂಪ ತೋರಿಸಬೇಕಾ? ಇದು ಕಟ್ಟುವವರ ಮಾತು. ಇನ್ನು ಕೆಲವರು, 'ನಾನು ಸರಿಯಾಗೇ ಒತ್ತಿದೆ, ಇನ್ನೊಂದು ಆ್ಯಪಿಗೆ ಕಳಿಸಿದ ಮೇಲೆ ಮತ್ತೆ ಅರ್ಕಾವತ್ತು ಬಂತು' ಅನ್ನಬಹುದು. ಆಗ ತಪ್ಪು ನಿಮ್ಮ ಕೀಬೋರ್ಡಿನದ್ದಲ್ಲ. ಆ ಆ್ಯಪ್ ಕಾಣದ ಅಕ್ಷರವನ್ನು ಕಿತ್ತು ಹಾಕಿರಬಹುದು, ಅಥವಾ ಅಲ್ಲಿನ ಫಾಂಟ್ ಅದಕ್ಕೆ ತಯಾರಿಲ್ಲದೆ ಇರಬಹುದು. ಒಂದೇ ದೂರು, ಮೂರು ಬೇರೆ ಬೇರೆ ಮನೆ. ಬಳಸುವವರಿಗೆ ಮೊದಲ ದಿನವೇ ಈ ಮನೆಗಳನ್ನು ಗುರುತಿಸು ಅನ್ನುವುದು ನ್ಯಾಯವಲ್ಲ. ಗುರುತಿಸುವ ಕೆಲಸ ನಿಮ್ಮದು.

ಜಾಗ ಎರಡಾದ ಮೇಲೆ ಅವುಗಳ ನಡುವೆ ಓಡಾಡುವವರು ಇಲ್ಲದಿದ್ದರೆ ಏನಾಗುತ್ತೆ ಅಂತ ನಾನು ಸ್ವತಃ ಕಂಡಿದ್ದೇನೆ. ಹಲವು ವರ್ಷದ ಹಿಂದೆ ನಾನು ಕೈಜೋಡಿಸಿದ್ದ ಒಂದು ಯೋಜನೆಯಲ್ಲಿ ಎರಡು ಜಾಗ ಮಾಡಿದೆವು. ಡೆವಲಪರ್ ಕಡೆ ತುಂಬಾ ಶಾಂತಿ ಸಿಕ್ಕಿತು. ಕೆಲಸ ಚುರುಕಾಯಿತು. ಬಳಸುವವರ ಕಡೆಗೆ ಹೋಗುವುದನ್ನು ನಾವು ಒಬ್ಬೊಬ್ಬರಾಗಿ ಬಿಟ್ಟೆವು. ಎಷ್ಟೋ ತಿಂಗಳಾದ ಮೇಲೆ ನಾನು ಒಂದು ಸಂಜೆ ಸುಮ್ನೆ ಆ ಕಡೆ ಹೋಗಿ ಹಳೆಯ ಮಾತುಗಳನ್ನು ಓದುತ್ತಾ ಕೂತೆ. ಹೊಸದಾಗಿ ಬಂದವರಿಗೆಲ್ಲ ಹಳಬರು ಒಂದು ಸಲಹೆ ಕೊಡುತ್ತಿದ್ದರು: 'ಎರಡು ಸಲ ಸೇವ್ ಮಾಡಿ.' ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಅದು ಅಲ್ಲಿನ ರೂಢಿಯೇ ಆಗಿಬಿಟ್ಟಿತ್ತು. ಮೊದಲ ಸಲ ಸೇವ್ ಮಾಡಿದಾಗ ಕೊನೆಯ ಬದಲಾವಣೆ ಉಳಿಯುತ್ತಿರಲಿಲ್ಲ. ಅದು ಬಗ್, ಅಂದರೆ ಕೋಡಿನ ದೋಷ. ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ. ಜನ ನಮ್ಮನ್ನು ಕೇಳುವುದನ್ನು ಬಿಟ್ಟು, ಒಬ್ಬರಿಗೊಬ್ಬರು ಹೇಳಿಕೊಟ್ಟು ದಿನ ದೂಡುತ್ತಿದ್ದರು. ಬಗ್ ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಆದರೆ ಅಷ್ಟು ತಿಂಗಳು ಎಷ್ಟು ಜನರ ಕೆಲಸ ಹಾಳಾಯಿತೋ ಅಂತ ನೆನೆದರೆ ಈಗಲೂ ನನಗೆ ಸಂಕಟ ಆಗುತ್ತೆ.

ಹಾಗಾಗಿ ನಿಮಗೆ ನನ್ನ ಮಾತು ಇಷ್ಟೇ. ಬೇರೆ ಮಾಡಿ, ಆದರೆ ಮಾಡುವ ಮೊದಲು ನಡುವೆ ಓಡಾಡುವವರು ಯಾರು ಅಂತ ಗೊತ್ತುಮಾಡಿ. ಅದು ತೀರ್ಮಾನ ಆಗದೆ ಇದ್ದರೆ ಬೇರೆ ಮಾಡಲೇಬೇಡಿ. ಗದ್ದಲದಲ್ಲಿ ಕೆಲಸ ನಿಧಾನ ಆದರೂ ಪರವಾಗಿಲ್ಲ.

ದೊಡ್ಡ ಯೋಜನೆಗಳು ಈ ಓಡಾಟವನ್ನು ಬೇರೆ ಬೇರೆ ರೀತಿಯಲ್ಲಿ ಏರ್ಪಾಡು ಮಾಡಿಕೊಂಡಿವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಗವನ್ನು ನೋಡಿ. ಬಳಸುವವರಿಗೆ 'ಜನರಲ್' ಅಂತ ಒಂದು ಪಟ್ಟಿ ಇದೆ, ತೀರಾ ಹೊಸಬರಿಗೆ 'ನೊವೀಸ್' ಇದೆ. ಕಟ್ಟುವವರಿಗೆ 'ಹ್ಯಾಕರ್ಸ್'. ಹ್ಯಾಕರ್ ಅಂದರೆ ಇಲ್ಲಿ ಕೋಡ್ ಬರೆಯುವವರು ಅಂತಲೇ ಅರ್ಥ. ಇವೆರಡರ ಮಧ್ಯೆ 'ಬಗ್ಸ್' ಅಂತ ಒಂದು ಪಟ್ಟಿ ಇಟ್ಟಿದ್ದಾರೆ. ಯಾರು ಬೇಕಾದರೂ ಒಂದು ಫಾರಂ ತುಂಬಿ ದೂರು ಕೊಡಬಹುದು, ಅದಕ್ಕೊಂದು ನಂಬರ್ ಬೀಳುತ್ತೆ, ಅದು ಆ ಪಟ್ಟಿಗೆ ಹೋಗುತ್ತೆ. ಡೆವಲಪರ್‌ಗಳು ಅದನ್ನು ಓದುತ್ತಾರೆ, ಅಲ್ಲೇ ಮರುಪ್ರಶ್ನೆ ಕೇಳುತ್ತಾರೆ, ಸರಿಪಡಿಸಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ದೂರು ಕೊಡುವವರಿಗೆ ಒಳಗಿನ ಲೆಕ್ಕಾಚಾರ ಗೊತ್ತಿರಬೇಕಾಗಿಲ್ಲ. ಈ ಎಲ್ಲ ಪಟ್ಟಿಗಳ ಹಳೆಯ ಕಾಗದಗಳೂ ತೆರೆದಿವೆ. ಇವತ್ತು ನೀವು ಕೂತರೆ ಎಷ್ಟೋ ವರ್ಷದ ಹಿಂದೆ ಒಂದು ತೀರ್ಮಾನ ಯಾಕೆ ಆಯಿತು ಅಂತ ಓದಬಹುದು.

ಲಿನಕ್ಸ್ ಕರ್ನೆಲ್‌ನವರದ್ದು, ಅಂದರೆ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳನ್ನು ಕಟ್ಟುವವರದ್ದು, ಇದಕ್ಕಿಂತ ಗಟ್ಟಿ ಗೋಡೆ. ಸಾಮಾನ್ಯ ಬಳಕೆದಾರರು ತಮ್ಮ ತೊಂದರೆಯನ್ನು ಮೊದಲು ಉಬುಂಟು, ಫೆಡೋರಾ ಹೀಗೆ ತಾವು ಬಳಸುವ ಡಿಸ್ಟ್ರಿಬ್ಯೂಷನ್ನಿಗೆ, ಅಂದರೆ ಲಿನಕ್ಸನ್ನು ಬಳಕೆಗೆ ಸಿದ್ಧ ಮಾಡಿ ಕೊಡುವ ತಂಡಕ್ಕೆ, ಹೇಳಬೇಕು. ಅಷ್ಟು ಜನರ ಅಷ್ಟು ಬಗೆಯ ಯಂತ್ರಗಳ ದೂರು ನೇರವಾಗಿ ಬಂದರೆ ಅವರಿಗೆ ಉಸಿರಾಡಲೂ ಆಗಲ್ಲ. ಆದರೆ ಆ ಗೋಡೆಯಲ್ಲೂ ಒಂದು ಬಾಗಿಲು ಇಟ್ಟಿದ್ದಾರೆ. ಹಿಂದಿನ ಆವೃತ್ತಿಯಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಹೊಸದರಲ್ಲಿ ಕೆಟ್ಟರೆ, ಅದನ್ನು ಹೇಳಲಿಕ್ಕೆಂದೇ ಬೇರೆ ಪಟ್ಟಿ ಇದೆ. ಅಂಥ ದೂರು ಎಲ್ಲಿಗೆ ಬಂತು, ಏನಾಯಿತು ಅಂತ ಬೆನ್ನು ಹತ್ತಲು 'ರೆಗ್‌ಜ್‌ಬಾಟ್' ಅನ್ನುವ ಒಂದು ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ ಕೂಡ ಇದೆ. ಈ ಒಂದು ವಿಚಾರವನ್ನು ನೀವು ಹಾಗೇ ಎತ್ತಿಕೊಳ್ಳಿ. 'ಅಪ್‌ಡೇಟ್ ಆದ ಮೇಲೆ ಕೆಟ್ಟಿತು' ಅನ್ನುವ ಮಾತು ಯಾರ ಬಾಯಿಂದ ಬಂದರೂ, ಎಷ್ಟೇ ಅಸ್ಪಷ್ಟವಾಗಿ ಬಂದರೂ, ಅದೇ ದಿನ ಡೆವಲಪರ್ ಕಡೆಗೆ ದಾಟಬೇಕು. ಕೀಬೋರ್ಡ್ ಕೆಟ್ಟರೆ ಜನರಿಗೆ ಮಾತೇ ನಿಂತ ಹಾಗೆ.

ನೀವು ಕೇಳಬಹುದು, ಕೋಡಿನ ಬದಲಾವಣೆಗಳ ಲೆಕ್ಕ ಇಡುವ 'ಗಿಟ್' ತಂತ್ರಾಂಶದ ಬಳಗದವರು ಒಂದೇ ಪಟ್ಟಿ ಇಟ್ಟುಕೊಂಡು ನಡೆಸುತ್ತಿಲ್ಲವೇ ಅಂತ. ಹೌದು. ಅವರ ಮುಖ್ಯ ಪಟ್ಟಿಯಲ್ಲಿ ಪ್ಯಾಚೂ (ಕೋಡಿನ ತಿದ್ದುಪಡಿ) ಬರುತ್ತೆ, ಬಗ್ ದೂರೂ ಬರುತ್ತೆ, 'ಈ ಕಮಾಂಡ್ ಹೀಗೇಕೆ ಮಾಡಿತು' ಅನ್ನುವ ಪ್ರಶ್ನೆಯೂ ಬರುತ್ತೆ. 2005ರಿಂದ ಅದು ಹಾಗೇ ನಡೆದುಬಂದಿದೆ, ಪಟ್ಟಿಗೆ ಸೇರದೆಯೇ ಕಾಗದ ಬರೆಯಬಹುದು. ಅದು ಸಾಧ್ಯ ಆಗಿರುವುದು ಇಮೇಲ್‌ನಿಂದ. ಒಂದೊಂದು ವಿಷಯ ಒಂದೊಂದು ಎಳೆಯಾಗಿ ಬೇರೆ ನಿಲ್ಲುತ್ತೆ. ಪ್ಯಾಚ್ ಇದ್ದರೆ ತಲೆಬರಹದಲ್ಲೇ ಹಾಗಂತ ಬರೆದಿರುತ್ತಾರೆ. ಬೇಡದ್ದನ್ನು ಓದುಗರು ತಮ್ಮ ಕಡೆಯೇ ಜರಡಿ ಹಿಡಿಯಬಹುದು. ಅಂದರೆ ಅಲ್ಲಿ ಬೇರ್ಪಡಿಸುವಿಕೆ ಇಲ್ಲ ಅಂತಲ್ಲ, ಅದು ಪ್ರತಿ ಕಾಗದದ ಹಣೆಯ ಮೇಲೆ ಇದೆ. ಟೆಲಿಗ್ರಾಂನಲ್ಲಿ ಎಂಟುನೂರು ಜನರ ಮಾತು ಒಂದೇ ಹೊಳೆಯಾಗಿ ಹರಿಯುವಾಗ ಅಂಥ ಜರಡಿ ನಿಮ್ಮ ಕೈಯಲ್ಲಿಲ್ಲ. ಆ ಮಾದರಿ ನಿಮಗೆ ಹೊಂದಲ್ಲ.

ಬಳಸುವವರ ಜಾಗದಲ್ಲಿ ದಿನಾ ಉತ್ತರ ಕೊಡುವವರು ಯಾರು ಅನ್ನುವುದು ನಿಮ್ಮ ಮುಂದಿನ ಚಿಂತೆ ಇರಬಹುದು. ನೀವೇ ಐದು ಜನ ಎಲ್ಲದಕ್ಕೂ ಉತ್ತರ ಕೊಡುತ್ತಾ ಹೋದರೆ ಜಾಗ ಬೇರೆ ಮಾಡಿದ್ದೇ ವ್ಯರ್ಥ. ಇದರ ಬಗ್ಗೆ ಕರೀಂ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪೆಲ್ ಅನ್ನುವ ಇಬ್ಬರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ವೆಬ್ ಪುಟಗಳನ್ನು ಜನರಿಗೆ ತಲುಪಿಸುವ ಅಪಾಚೆ ವೆಬ್ ಸರ್ವರ್ ತಂತ್ರಾಂಶ ಬಳಸುವವರು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಸಹಾಯ ಮಾಡುತ್ತಿದ್ದದ್ದನ್ನು ಅವರು ನೋಡಿದರು. ಯಾಕಪ್ಪಾ ಈ ಜನ ಗುರುತಿಲ್ಲದವರಿಗೆ ಉತ್ತರ ಕೊಡುತ್ತಾರೆ ಅನ್ನುವುದು ಅವರ ಪ್ರಶ್ನೆ. ಅವರು ಕಂಡುಕೊಂಡದ್ದು ಇದು: ಉತ್ತರ ಕೊಡುವವರು ಅಲ್ಲಿ ಹಾಕುವ ಶ್ರಮದಲ್ಲಿ ಶೇ 98ರಷ್ಟು ಅವರವರ ಕಲಿಕೆಯಾಗಿ ಅವರಿಗೇ ಮರಳಿ ಬರುತ್ತೆ. ಅವರು ಬರುವುದೇ ಬೇರೆಯವರ ಪ್ರಶ್ನೆ, ಉತ್ತರ ಓದಿ ತಿಳಿದುಕೊಳ್ಳಲು. ಹಾಗೆ ಓದುವಾಗ ತಮಗೆ ಗೊತ್ತಿರುವುದು ಕಣ್ಣಿಗೆ ಬಿದ್ದರೆ ಎರಡು ಸಾಲು ಬರೆದು ಹೋಗುತ್ತಾರೆ.

ನನಗೆ ಇದು ತುಂಬಾ ಸಮಾಧಾನ ಕೊಟ್ಟ ವಿಷಯ. ಯಾಕೆಂದರೆ ಇದರಲ್ಲಿ ನಿಮಗೊಂದು ದಾರಿ ಇದೆ. ಬಳಸುವವರ ಜಾಗ ಬರೀ ದೂರಿನ ಪೆಟ್ಟಿಗೆ ಆದರೆ ಅಲ್ಲಿ ಕಲಿಯಲು ಏನೂ ಇರಲ್ಲ. ಆಗ ತಿಳಿದವರು ನಿಲ್ಲಲ್ಲ, ತಿಳಿದವರು ನಿಲ್ಲದಿದ್ದರೆ ಉತ್ತರವೂ ಬರಲ್ಲ. ಹಾಗಾಗಿ ರುಚಿಕರವಾದ ಮಾತನ್ನು ಅಲ್ಲಿಗೂ ತನ್ನಿ. ಈಚೆಗೆ ಏನು ಬದಲಾಯಿಸಿದೆವು, ಯಾಕೆ ಬದಲಾಯಿಸಿದೆವು ಅಂತ ಹದಿನೈದು ದಿನಕ್ಕೊಮ್ಮೆ ತಿಳಿಗನ್ನಡದಲ್ಲಿ ಬರೆಯಿರಿ. ಅರ್ಕಾವತ್ತಿನ ಹಿಂದೆ ಏನು ನಡೆಯುತ್ತೆ ಅನ್ನುವುದನ್ನು ಓದಿ ಖುಷಿಪಡುವ ಮೇಷ್ಟ್ರುಗಳು, ಡಿಟಿಪಿ ಮಾಡುವವರು, ಪತ್ರಿಕೆಯವರು ನಿಮ್ಮ ಎಂಟುನೂರರಲ್ಲಿ ಖಂಡಿತ ಇದ್ದಾರೆ. ಅವರಲ್ಲಿ ನಾಲ್ಕು ಜನ ಉತ್ತರ ಕೊಡಲು ಶುರುಮಾಡಿದರೂ ನಿಮ್ಮ ಭಾರ ಇಳಿಯಿತು. ಹಾಗೆ ಉತ್ತರ ಕೊಡುವವರನ್ನು ಹೆಸರು ಹಿಡಿದು ನೆನೆಯಿರಿ, ಹೊಸ ಆವೃತ್ತಿ ಬಿಡುವ ಮೊದಲು ಅವರ ಕೈಗೆ ಕೊಟ್ಟು ನೋಡಿ ಅನ್ನಿ. ನಡುವೆ ಓಡಾಡುವವರು ಸಿಗುವುದು ಇಂಥ ಕಡೆಯೇ.

ಭಾಷೆಯ ವಿಷಯವನ್ನೂ ಹೇಳಿಬಿಡಬೇಕು. ನಿಮ್ಮ ವಾಟ್ಸಾಪ್ ಮಾತು ಅರ್ಧ ಇಂಗ್ಲಿಷಿನಲ್ಲಿ ಇರುತ್ತೆ ಅಂತ ನಾನು ಊಹಿಸಬಲ್ಲೆ. ಕೋಡಿನ ಮಾತಿಗೆ ಅದು ಅನಿವಾರ್ಯವೂ ಹೌದು. ಡೆಬಿಯನ್ ಅನ್ನುವ ಲಿನಕ್ಸ್ ಡಿಸ್ಟ್ರಿಬ್ಯೂಷನ್ನಿನ ಬಳಗದಲ್ಲಿ ಬಳಸುವವರಿಗೆ ಫ್ರೆಂಚ್, ಜರ್ಮನ್, ಸ್ಪ್ಯಾನಿಶ್ ಹೀಗೆ ಅವರವರ ಭಾಷೆಯಲ್ಲಿ ಪಟ್ಟಿಗಳಿವೆ, ಡೆವಲಪರ್‌ಗಳ ಮುಖ್ಯ ಪಟ್ಟಿ ಇಂಗ್ಲಿಷಿನಲ್ಲಿ ನಡೆಯುತ್ತೆ. ಆದರೆ ನಿಮ್ಮದು ಕನ್ನಡದ ಕೀಬೋರ್ಡ್. ಅದನ್ನು ಕಟ್ಟುವ ಮಾತು ಪೂರ್ತಿ ಇಂಗ್ಲಿಷಿಗೆ ಜಾರಿದರೆ, ಕನ್ನಡ ಚೆನ್ನಾಗಿ ಗೊತ್ತಿದ್ದು ಇಂಗ್ಲಿಷಿಗೆ ಹಿಂಜರಿಯುವವರೇ ಹೊರಗೆ ಉಳಿಯುತ್ತಾರೆ. ಳ ಎಲ್ಲಿರಬೇಕು, ಒತ್ತಕ್ಷರ ಹೇಗೆ ಬರಬೇಕು ಅಂತ ಹೇಳಬೇಕಾದವರೇ ಅವರು. ಡೆವಲಪರ್ ಜಾಗದಲ್ಲಿ ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಸಿಗುತ್ತೆ ಅಂತ ಮೊದಲ ಸಾಲಿನಲ್ಲೇ ಬರೆದಿಡಿ.

ಇನ್ನು ಜಾಗ ಎಲ್ಲಿ ಮಾಡುವುದು? ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಳಸುವವರು ಈಗಾಗಲೇ ಟೆಲಿಗ್ರಾಂನಲ್ಲಿ ಇದ್ದಾರೆ, ಅವರನ್ನು ಎಬ್ಬಿಸಬೇಡಿ. ಅಲ್ಲಿ ಗ್ರೂಪಿನೊಳಗೆ ಟಾಪಿಕ್ ಮಾಡುವ ಅನುಕೂಲ 2022ರಿಂದ ಇದೆ, ಅದನ್ನು ಬಳಸಿಕೊಂಡರೆ ಅಷ್ಟರಮಟ್ಟಿಗೆ ಗದ್ದಲ ತಗ್ಗುತ್ತೆ. ಕಟ್ಟುವವರ ಮಾತು ಮಾತ್ರ ಕೋಡ್ ಇರುವ ಕಡೆಯೇ ಇರಲಿ. ನಿಮ್ಮ ಕೋಡ್, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದ್ದರೆ ಅಲ್ಲಿ ಇಶ್ಯೂ ಜೊತೆಗೆ ಡಿಸ್ಕಶನ್ ಅನ್ನುವ ಜಾಗವೂ ಸಿಗುತ್ತೆ. ಖಚಿತವಾಗಿ ಮಾಡಬೇಕಾದ ಕೆಲಸ ಇಶ್ಯೂ ಆಗಲಿ, ಇನ್ನೂ ಯೋಚಿಸುತ್ತಿರುವುದು ಡಿಸ್ಕಶನ್ ಆಗಲಿ. ಇಶ್ಯೂವನ್ನು ಡಿಸ್ಕಶನ್ ಆಗಿ ಬದಲಾಯಿಸಬಹುದು, ಡಿಸ್ಕಶನ್ನಿನಿಂದ ಹೊಸ ಇಶ್ಯೂ ತೆರೆಯಬಹುದು, ಬರೆದವರು ಮತ್ತೆ ಬರೆಯಬೇಕಾಗಿಲ್ಲ. ತಪ್ಪು ಜಾಗಕ್ಕೆ ಬಂದವರಿಗೆ 'ಇದು ಇಲ್ಲಲ್ಲ, ಅಲ್ಲಿ ಕೇಳಿ' ಅನ್ನುವ ಬದಲು ನೀವೇ ಎತ್ತಿ ಅಲ್ಲಿಗೆ ಇಟ್ಟು, 'ಇಲ್ಲಿಗೆ ತಂದಿದ್ದೇನೆ, ಮಾತು ಮುಂದುವರಿಸೋಣ' ಅನ್ನಿ. ಮೊದಲ ಸಲ ಬಾಯಿ ತೆರೆದವರನ್ನು ಇನ್ನೊಂದು ಬಾಗಿಲಿಗೆ ಕಳಿಸಿದರೆ ಎಷ್ಟೋ ಜನ ಮನೆಗೇ ಹೊರಟುಹೋಗುತ್ತಾರೆ.

ಟೆಲಿಗ್ರಾಂನ ದೊಡ್ಡ ಕೊರತೆ ಅಂದರೆ ಅಲ್ಲಿ ಕೊಟ್ಟ ಉತ್ತರ ಗೂಗಲ್‌ನಲ್ಲಿ ಹುಡುಕಿದರೆ ಸಿಗಲ್ಲ. ಹೊರಗಿನವರಿಗೆ ಅದು ಇಲ್ಲದ ಹಾಗೆಯೇ. ಅದಕ್ಕೇ ಒಂದೇ ಪ್ರಶ್ನೆ ಐವತ್ತು ಸಲ ಬರುವುದು. ಮೂರನೇ ಸಲ ಬಂದ ಪ್ರಶ್ನೆಗೆ ಉತ್ತರವನ್ನು ಟೆಲಿಗ್ರಾಂನಲ್ಲಿ ಬರೆಯದೆ, ನಿಮ್ಮ ಆ್ಯಪಿನ ಸಹಾಯ ಪುಟದಲ್ಲಿ ಬರೆದು ಅದರ ಕೊಂಡಿ ಕೊಡಿ. ಸ್ಕ್ರೀನ್‌ಶಾಟ್ ಇಡಿ, ಕೀಲಿಯ ಸುತ್ತ ಒಂದು ದುಂಡನೆ ಗೆರೆ ಎಳೆಯಿರಿ.

ದೂರು ಕೇಳುವ ರೀತಿಗೂ ಒಂದು ಒಳ್ಳೆಯ ಮಾದರಿ ಇದೆ. ಗಿಟ್‌ನಲ್ಲಿ 2020ರಿಂದ 'ಗಿಟ್ ಬಗ್‌ರಿಪೋರ್ಟ್' ಅನ್ನುವ ಕಮಾಂಡ್ ಇದೆ. ಅದು ಒಂದು ಫೈಲ್ ತೆರೆದು ನಿಮ್ಮನ್ನು ಕೇಳುತ್ತೆ: ನೀವು ಏನು ಮಾಡಿದಿರಿ, ಏನಾಗುತ್ತೆ ಅಂದುಕೊಂಡಿದ್ದಿರಿ, ಅದರ ಬದಲು ಏನಾಯಿತು, ಎರಡಕ್ಕೂ ಏನು ವ್ಯತ್ಯಾಸ. ಯಾವ ಆವೃತ್ತಿ, ಯಾವ ಸಿಸ್ಟಂ ಅನ್ನುವುದನ್ನು ಅದೇ ತುಂಬಿಕೊಳ್ಳುತ್ತೆ. ನಿಮ್ಮ ಆ್ಯಪಿನಲ್ಲೂ 'ತೊಂದರೆ ತಿಳಿಸಿ' ಅನ್ನುವ ಗುಂಡಿ ಇಟ್ಟು, ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್ ಆವೃತ್ತಿಯನ್ನು ತಾನಾಗಿ ತುಂಬಿಸಿ. ಬಳಸುವವರು ಒತ್ತಿದ ಕೀಲಿ ಮತ್ತು ಬಂದ ಅಕ್ಷರ ಮಾತ್ರ ಬರೆಯಲಿ. ಒಂದು ಎಚ್ಚರ: ಇದು ಕೀಬೋರ್ಡ್. ಜನ ಟೈಪ್ ಮಾಡಿದ ಬೇರೆ ಯಾವ ಪಠ್ಯವೂ ಆ ದೂರಿನ ಜೊತೆ ಹೋಗಬಾರದು. ಭದ್ರತೆಯ ದೋಷ ಕಂಡವರು ಯಾವ ಗ್ರೂಪಿನಲ್ಲೂ ಬರೆಯದೆ ನಿಮಗೆ ಖಾಸಗಿಯಾಗಿ ತಿಳಿಸಲು ಒಂದು ಇಮೇಲ್ ವಿಳಾಸ ಇಟ್ಟಿರಿ. ಮುಚ್ಚಿದ ಜಾಗ ನ್ಯಾಯವಾಗಿ ಬೇಕಾಗುವುದು ಇಂಥದ್ದಕ್ಕೆ.

ನಿಮ್ಮ ದಣಿವಿನ ಬಗ್ಗೆಯೂ ಒಂದು ಮಾತು. ಪತ್ರದಲ್ಲಿ 'ಬೇಸತ್ತು' ಅಂತ ಬರೆದಿದ್ದೀರಿ. ಅದನ್ನು ಸಣ್ಣದು ಅಂದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಝಡ್' ಅನ್ನುವ, ಲಿನಕ್ಸ್‌ನಲ್ಲೆಲ್ಲ ಬಳಕೆಯಲ್ಲಿರುವ ಫೈಲ್ ಕುಗ್ಗಿಸುವ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಹಿಂತಿರುಗಿ ನೋಡಿದರೆ, 2022ರಲ್ಲಿ ಆ ಯೋಜನೆಯ ಡೆವಲಪರ್ ಪಟ್ಟಿಗೆ ಕೆಲವು ಅಪರಿಚಿತ ಹೆಸರುಗಳು ಬಂದು, 'ಇಷ್ಟು ತಡ ಯಾಕೆ, ಬೇರೆಯವರಿಗೆ ಬಿಟ್ಟುಕೊಡಿ' ಅಂತ ಮೇಲಿಂದ ಮೇಲೆ ಒತ್ತಾಯ ಮಾಡಿದ್ದವು. ಒಬ್ಬರೇ ನೋಡಿಕೊಳ್ಳುತ್ತಿದ್ದ ಯೋಜನೆ ಅದು, ಅವರಾಗಲೇ ಬಸವಳಿದಿದ್ದರು. ಎರಡು ಜಾಗ ಇದ್ದಿದ್ದರೆ ಅದು ತಪ್ಪುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಒತ್ತಾಯದ ಮಾತೆಲ್ಲ ಒಬ್ಬರ ತಲೆಯ ಮೇಲೇ ಬೀಳುವ ಏರ್ಪಾಡು ಅಪಾಯದ್ದು. ನಿಮ್ಮಲ್ಲಿ ಐದು ಜನ ಇದ್ದೀರಿ. ವಾರಕ್ಕೆ ಒಬ್ಬರಂತೆ ಸರದಿ ಹಾಕಿಕೊಳ್ಳಿ. ಆ ವಾರ ಅವರು ಕೋಡ್ ಬರೆಯುವುದು ಬೇಡ. ಬಳಸುವವರ ಜಾಗದಲ್ಲಿ ಕೂತು ಓದಲಿ, ದಾಟಿಸಬೇಕಾದ್ದನ್ನು ದಾಟಿಸಲಿ, ವಾರದ ಕೊನೆಗೆ 'ಈ ವಾರ ಜನ ಪದೇ ಪದೇ ಕೇಳಿದ್ದು ಇದು' ಅಂತ ನಾಲ್ಕು ಸಾಲು ಡೆವಲಪರ್ ಜಾಗದಲ್ಲಿ ಬರೆಯಲಿ. ಉಳಿದ ನಾಲ್ವರು ಆ ವಾರ ನಿಶ್ಚಿಂತೆಯಿಂದ ಕೆಲಸ ಮಾಡಲಿ. 'ಎರಡು ಸಲ ಸೇವ್ ಮಾಡಿ' ಅನ್ನುವಂಥ ಮಾತು ನಿಮ್ಮಲ್ಲಿ ಹುಟ್ಟಿದರೆ ಈ ನಾಲ್ಕು ಸಾಲಿನಲ್ಲಿ ಅದು ಸಿಕ್ಕಿಬೀಳುತ್ತೆ.

ಹೊಸ ಜಾಗಕ್ಕೆ ಹೆಸರಿಡುವಾಗ 'ಕೋರ್ ಟೀಮ್' ಅಂತೆಲ್ಲ ಇಡಬೇಡಿ. 'ಕೀಬೋರ್ಡ್ ಕಟ್ಟುವ ಮಾತು' ಅಂತ ಇಟ್ಟರೆ ಸಾಕು. ಓದಲು ಎಲ್ಲರಿಗೂ ತೆರೆದಿರಲಿ. ಟೆಲಿಗ್ರಾಂ ಗ್ರೂಪಿನ ಮೇಲ್ಭಾಗದಲ್ಲಿ ಅದರ ಕೊಂಡಿ ಪಿನ್ ಮಾಡಿ.

ಇದನ್ನೆಲ್ಲ ಶುರುಮಾಡುವ ಮೊದಲು ಆ ಇಬ್ಬರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. ವಾಟ್ಸಾಪ್ ಗ್ರೂಪ್ ಯಾಕೆ ಮಾಡಿಕೊಂಡೆವು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಅಲ್ಲಿ ಇಲ್ಲಿಯ ತನಕ ಆದ ತೀರ್ಮಾನಗಳನ್ನು ಒಂದು ಕಡೆ ಬರೆದು ಅವರಿಗೆ ಮೊದಲು ತೋರಿಸಿ. ಅವರು ಒಪ್ಪದ್ದು ಏನಾದರೂ ಇದ್ದರೆ ಹೊಸ ಜಾಗದ ಮೊದಲ ಚರ್ಚೆ ಅದೇ ಆಗಲಿ, ಅದು 'ಬಳಸುವವರನ್ನು ಹೊರಗಿಡಬಾರದು' ಅಂದ ಗೆಳೆಯರ ಕೈಯಿಂದಲೇ ಶುರುವಾಗಲಿ. ಮೊದಲ ವಾರದ ಸರದಿಯನ್ನೂ ಅವರಿಗೇ ಕೊಡಿ. ಆಮೇಲೆ ವಾಟ್ಸಾಪ್ ಗ್ರೂಪನ್ನು ಅಳಿಸಿಹಾಕಿ.